ಬೇಹುಗಾರಿಕೆಗೆ ಯಾವುದು: ಅಂಪೈರೋ, ಕಾರ್ಡೋ, ದಾಳವೋ?

1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆಯ ಕಾಳಗ ಗೆದ್ದರೂ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ದವಸ ತೀರಿತ್ತು, ಎತ್ತುಗಳು ಸಾಯುತ್ತಿದ್ದವು. ಭಾರೀ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ನೆರವಿಗೆ ಬರುತ್ತಿದ್ದ ಮರಾಠರ ದಂಡು ಹತ್ತಿರದಲ್ಲೇ ಇತ್ತು. ಟಿಪ್ಪುವಿನ ಸವಾರರು ದಾರಿ ಕಟ್ಟಿದ್ದರಿಂದ ಸುದ್ದಿ ಮಾತ್ರ ಮುಟ್ಟಲಿಲ್ಲ. ಈ ಯುದ್ಧವನ್ನು ಮಿನಿಯೇಚರ್ ಕ್ಯಾಂಪೇನ್ ಆಗಿ, ಅಂದರೆ ಪುಟ್ಟ ಸೈನಿಕ ಗೊಂಬೆಗಳಿಂದ ಒಂದಕ್ಕೊಂದು ಹೊಂದಿಕೊಂಡ ಕಾಳಗಗಳ ಸರಣಿಯಾಗಿ, ಆಡುವವರು ಮೊದಲು ತೀರ್ಮಾನಿಸಬೇಕಾದದ್ದು ಬೇಹುಗಾರಿಕೆಯ ನಿಯಮವನ್ನೇ.

ಮೂರನೆಯವರೊಬ್ಬರು ಸಿಕ್ಕರೆ ಅಂಪೈರ್ ಪದ್ಧತಿಯನ್ನೇ ಹಿಡಿಯಿರಿ. ಇಬ್ಬರೂ ತಮ್ಮ ನಡೆಯನ್ನು ಗುಟ್ಟಾಗಿ ಬರೆದುಕೊಡುತ್ತಾರೆ. ಅಂಪೈರ್‌ನಿಂದ ಬರುವುದು ಒಂದು ಚೀಟಿ: “ಮೇಲುಕೋಟೆ ಕಡೆ ಧೂಳೆದ್ದಿದೆ, ಕುದುರೆಗಳಿರಬಹುದು, ಮೊನ್ನೆಯ ಸುದ್ದಿ.” ಯಾರ ಕುದುರೆ, ಎಷ್ಟು, ಈಗ ಎಲ್ಲಿ? ಆ ತಳಮಳವೇ ಈ ಆಟದ ಜೀವ. ಅಂಪೈರ್‌ಗೆ ಕೆಲಸ ಬಹಳ, ನಿಷ್ಪಕ್ಷಪಾತವೂ ಬೇಕು.

ಇಬ್ಬರೇ ಇದ್ದರೆ ಮಗುಚಿಟ್ಟ ಕಾರ್ಡ್‌ಗಳು ಸಾಕು. ನಕ್ಷೆಯ ಮೇಲೆ ಕೆಲವು ದಂಡುಗಳು, ಕೆಲವು ಖಾಲಿ. ಪಕ್ಕಕ್ಕೆ ಸವಾರರು ಬಂದಾಗ ಕಾರ್ಡ್ ತಿರುಗಿಸುವುದು; ಎದುರಾಳಿಯ ಸವಾರರು ಅಡ್ಡ ನಿಂತಿದ್ದರೆ ಮೊದಲು ಅವರನ್ನು ಓಡಿಸಬೇಕು. ಈ ಒಂದು ನಿಯಮದಿಂದ ಮೈಸೂರಿನ ಸವಾರರಿಗೆ ತಕ್ಕ ಬೆಲೆ ಬರುತ್ತದೆ. ಕೊರತೆಯೆಂದರೆ, ಕಂಡದ್ದು ಆ ಕ್ಷಣವೇ ಸೇನಾಪತಿಗೆ ಗೊತ್ತಾಗಿಬಿಡುತ್ತದೆ. ಮಿತ್ರಸೇನೆಯ ಸುದ್ದಿಗಾದರೂ ಒಂದು ಸರದಿ ತಡ ಇಡಿ.

ಯುದ್ಧಕ್ಕೆ ಮುಂಚೆ ದಾಳ ಹಾಕಿ, ಗೆದ್ದವರು ಎದುರಾಳಿಯ ವ್ಯೂಹ ನೋಡಿಕೊಂಡು ತಮ್ಮದನ್ನು ಇಡುವ ಕ್ರಮ ಒಂದು ಸಂಜೆಯ ಆಟಕ್ಕೆ ಸರಿ. ಕ್ಯಾಂಪೇನ್‌ಗೆ ಸಾಲದು: ಕಾರ್ನ್‌ವಾಲಿಸ್‌ಗೆ ಒದಗಿದ ಇಕ್ಕಟ್ಟು ಅದರಲ್ಲಿ ಹುಟ್ಟುವುದೇ ಇಲ್ಲ.