ರಾಷ್ಟ್ರೀಯ ಪ್ರತಿಜ್ಞೆ ಕಲಿಕಾ ಕಿಟ್: ಸಾಲುಪಟ್ಟಿಗಳಿಗಾಗಿ ಕೊಳ್ಳಿ, ಇತಿಹಾಸದ ಕಾರ್ಡುಗಳನ್ನು ತಿದ್ದಿ ಬಳಸಿ

ಪ್ರಾಥಮಿಕ ಶಾಲೆಗಳಿಗೆಂದು ಮಾರುವ ಈ ಕಿಟ್ಟಿನ ಡಬ್ಬಿಯಲ್ಲಿ ಇರುವುದು ಇಷ್ಟು: ಗೋಡೆಗೆ ತೂಗುಹಾಕುವ 20×30 ಇಂಚಿನ ಒಂದು ಚಾರ್ಟು, ‘ಭಾರತ ನನ್ನ ದೇಶ’ದಿಂದ ಹಿಡಿದು ಕೊನೆಯವರೆಗಿನ ವಾಕ್ಯಗಳನ್ನು ಒಂದೊಂದಾಗಿ ಅಚ್ಚುಮಾಡಿದ 8 ರಟ್ಟಿನ ಪಟ್ಟಿಗಳು, 16 ಪದಕಾರ್ಡುಗಳು, 6 ಇತಿಹಾಸದ ಕಾರ್ಡುಗಳು, ಶಿಕ್ಷಕರಿಗೆ 24 ಪುಟದ ಕೈಪಿಡಿ. ಬೆಲೆ 450 ರೂಪಾಯಿ. 3ರಿಂದ 5ನೇ ತರಗತಿಗೆ ಎಂದು ಮೇಲೆ ಬರೆದಿದೆ, ಆ ಲೆಕ್ಕ ಸರಿಯಾಗಿಯೇ ಇದೆ.

ಕೊಟ್ಟ ದುಡ್ಡಿಗೆ ಮೋಸವಿಲ್ಲದ ಭಾಗವೆಂದರೆ ಆ ಎಂಟು ಪಟ್ಟಿಗಳು. ದಿನವೂ ಪ್ರಾರ್ಥನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಮಕ್ಕಳು ತುಂಡುತುಂಡಾಗಿ ಒಪ್ಪಿಸುತ್ತಾರೆ. ಉಸಿರು ನಿಲ್ಲುವ ಕಡೆ ಅರ್ಥವೂ ಕಡಿದುಹೋಗುತ್ತದೆ. ‘ಅವರ ಕ್ಷೇಮ ಮತ್ತು ಏಳಿಗೆಯಲ್ಲಿಯೇ ನನ್ನ ಆನಂದ ಅಡಗಿದೆ’ ಎಂಬಲ್ಲಿ ‘ಅವರ’ ಅಂದರೆ ಯಾರದು ಎಂದು ಕೇಳಿನೋಡಿ. ಟೀಚರದು, ಅಪ್ಪ ಅಮ್ಮಂದು, ದೇವರದು ಎಂಬ ಉತ್ತರಗಳು ಬರುತ್ತವೆ. ಹಿಂದಿನ ವಾಕ್ಯದಲ್ಲಿರುವ ‘ನನ್ನ ದೇಶ ಮತ್ತು ನನ್ನ ಜನತೆ’ಗೆ ಈ ‘ಅವರ’ ಅಂಟಿಕೊಂಡಿದೆ ಎಂಬುದು ಬಾಯಿಪಾಠದಲ್ಲಿ ಕೇಳಿಸುವುದೇ ಇಲ್ಲ. ಈ ಪಟ್ಟಿಗಳಲ್ಲಿ ಅದರ, ಅದಕ್ಕೆ, ಅವರ ಎಂಬ ಮೂರು ಪದಗಳ ಅಡಿಯಲ್ಲಿ ಬೇರೆ ಬೇರೆ ಬಣ್ಣದ ಗೆರೆ ಇದೆ. ಅವು ಯಾವುದನ್ನು ಸೂಚಿಸುತ್ತವೋ ಆ ಪದದ ಕೆಳಗೂ ಅದೇ ಬಣ್ಣ. ಪಟ್ಟಿಗಳನ್ನು ಕಲಸಿ ಕೊಟ್ಟಾಗ ಮಗು ಬಣ್ಣ ಹಿಡಿದು ಹುಡುಕುತ್ತದೆ, ಹುಡುಕುತ್ತಲೇ ವಾಕ್ಯದ ಕೊಂಡಿ ಸಿಗುತ್ತದೆ. ಇದನ್ನು ಯೋಚಿಸಿದವರು ತರಗತಿಯನ್ನು ಬಲ್ಲವರು.

ಬಳಸುವ ಕ್ರಮ ಹೀಗಿದ್ದರೆ ಚೆನ್ನ. ಮೊದಲ ಅವಧಿಯಲ್ಲಿ ಚಾರ್ಟನ್ನು ಮಡಚಿಯೇ ಇಡಿ. ಎಂಟು ಮಕ್ಕಳಿಗೆ ಒಂದೊಂದು ಪಟ್ಟಿ ಕೊಟ್ಟು ಸಾಲಾಗಿ ನಿಲ್ಲಿಸಿ, ಉಳಿದವರು ಜಾಗ ಬದಲಿಸಿ ಕ್ರಮಕ್ಕೆ ತರಲಿ. ಸಾಮಾನ್ಯವಾಗಿ ಎಡವುವುದು ಐದನೆಯ ಪಟ್ಟಿಯಲ್ಲಿ. ‘ಅದಕ್ಕೆ ಅರ್ಹನಾಗಿರಲು’ ಎಂಬುದನ್ನು ‘ದೇಶವನ್ನು ಪ್ರೀತಿಸುತ್ತೇನೆ’ ಎಂಬುದರ ಪಕ್ಕ ನಿಲ್ಲಿಸಿಬಿಡುತ್ತಾರೆ. ಆಗ ಬೈಯಬೇಡಿ. ಹಾಗೆ ಓದಿದರೂ ಅರ್ಥ ಬರುತ್ತದೆ, ಆದರೆ ‘ಅದರ ಸಂಪದ್ಭರಿತ ಹಾಗೂ ವೈವಿಧ್ಯಮಯ ಪರಂಪರೆ’ ಎಂಬ ಸಾಲಿಗೆ ಜಾಗ ಸಿಗದೆ ಅದು ಒಂಟಿಯಾಗುತ್ತದೆ ಎಂದು ಓದಿಸಿಯೇ ತೋರಿಸಿ. ಒಂದು ಕಿಟ್ಟಿಗೆ ಒಂದೇ ಸೆಟ್ಟು ಪಟ್ಟಿ ಇರುವುದರಿಂದ 30 ಮಕ್ಕಳ ತರಗತಿಗೆ ಸಾಲದು. 22×28 ಇಂಚಿನ ಡ್ರಾಯಿಂಗ್ ಶೀಟನ್ನು ಮೂರೂವರೆ ಇಂಚಿಗೊಂದರಂತೆ ಅಡ್ಡಲಾಗಿ ಕತ್ತರಿಸಿದರೆ ಸರಿಯಾಗಿ ಎಂಟು ಪಟ್ಟಿ ಬರುತ್ತವೆ. ಮೂರು ಹಾಳೆಯಲ್ಲಿ ಇನ್ನೂ ಮೂರು ಸೆಟ್ಟು ತಯಾರು. ಬಣ್ಣದ ಗೆರೆ ಎಳೆಯುವುದನ್ನು ಮಾತ್ರ ಮರೆಯಬೇಡಿ.

ಐದನೆಯ ಪಟ್ಟಿಯಲ್ಲೇ ಇನ್ನೊಂದು ಕೊರತೆ ಇದೆ. ಕಿಟ್ಟಿನಲ್ಲೆಲ್ಲ ‘ಅರ್ಹನಾಗಿರಲು’ ಎಂದಷ್ಟೇ ಅಚ್ಚಾಗಿದೆ. ಹುಡುಗಿಯರು ‘ಅರ್ಹಳಾಗಿರಲು’ ಎನ್ನಬೇಕಲ್ಲವೇ? ಗಟ್ಟಿಯಾಗಿ ಒಟ್ಟಿಗೆ ಹೇಳುವಾಗ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಒಬ್ಬಳೇ ಮುಂದೆ ನಿಂತು ಹೇಳಿಕೊಡುವ ದಿನ ಹುಡುಗಿ ತನ್ನನ್ನು ತಾನೇ ‘ಅರ್ಹನು’ ಎಂದುಕೊಳ್ಳುತ್ತಾಳೆ. ‘ಳಾ’ ಎಂದು ಬರೆದ ಸಣ್ಣ ಚೀಟಿಯನ್ನು ‘ನಾ’ ಮೇಲೆ ಅಂಟಿಸಿ ಮಡಚುವಂತೆ ಮಾಡಿಕೊಂಡರೆ ಐದು ನಿಮಿಷದ ಕೆಲಸ, ಜೊತೆಗೆ ಒಂದು ಒಳ್ಳೆಯ ವ್ಯಾಕರಣ ಪಾಠ. ಪ್ರಕಾಶಕರು ಇದನ್ನು ತಾವೇ ಮಾಡಬೇಕಿತ್ತು.

ಪದಕಾರ್ಡುಗಳು ಪರವಾಗಿಲ್ಲ. ಪರಂಪರೆ, ಸೌಜನ್ಯ, ನಿಷ್ಠೆ, ಏಳಿಗೆ ಇವುಗಳ ಹಿಂಬದಿಯಲ್ಲಿ ಅರ್ಥದ ಬದಲು ಒಂದು ಸನ್ನಿವೇಶ ಕೊಟ್ಟಿರುವುದು ಇಷ್ಟವಾಗುವಂಥದ್ದು. ‘ಸೌಜನ್ಯ’ಕ್ಕೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವ ಚಿತ್ರವಿದೆ. ಆದರೆ ಪ್ರತಿಜ್ಞೆಯಲ್ಲಿ ಹಿರಿಯರಿಗೆ ‘ಗೌರವ’, ‘ಎಲ್ಲರೊಂದಿಗೆ’ ಸೌಜನ್ಯ ಎಂದು ಎರಡು ಬೇರೆ ಮಾತಿದೆ. ಸೀಟು ಬಿಡುವ ಚಿತ್ರ ‘ಗೌರವ’ದ ಕಾರ್ಡಿಗೆ ಹೋಗಲಿ. ಸೌಜನ್ಯಕ್ಕೆ ತನಗಿಂತ ಚಿಕ್ಕವರ, ಜಗಳವಾಡಿದ ಗೆಳೆಯರ, ಶಾಲೆ ಗುಡಿಸುವವರ ಜೊತೆ ಹೇಗೆ ಮಾತಾಡುತ್ತೀರಿ ಎಂಬ ಪ್ರಶ್ನೆ ಹಾಕಿ.

ಚಾರ್ಟಿನ ತೊಂದರೆ ಮುದ್ರಣದ್ದು. ಸಾಲುಗಳ ನಡುವೆ ಅಂತರ ಕಡಿಮೆ. ‘ಸಂಪದ್ಭರಿತ’ದ ಭ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಒಂದೇ ಮುದ್ದೆಯಾಗಿದೆ. ಹಿಂದಿನ ಬೆಂಚಿನಿಂದ ‘ಸಂಪದರಿತ’ ಎಂದು ಓದುವ ಮಗುವಿನ ತಪ್ಪಲ್ಲ ಅದು. ಮೇಲಿನ ಲ್ಯಾಮಿನೇಷನ್ ಕಿಟಕಿಯ ಬೆಳಕಿಗೆ ಹೊಳೆಯುತ್ತದೆ, ಆದ್ದರಿಂದ ಕಿಟಕಿಗೆ ಎದುರಿನ ಗೋಡೆ ಬೇಡ, ಕಿಟಕಿ ಇರುವ ಗೋಡೆಯಲ್ಲೇ ತೂಗುಹಾಕಿ. ಪ್ರತಿಜ್ಞೆಯ ಕನ್ನಡ ಪಾಠದಲ್ಲಿ ಅಲ್ಲಲ್ಲಿ ಪದವ್ಯತ್ಯಾಸಗಳು ಓಡಾಡುತ್ತವೆ. ತೂಗುಹಾಕುವ ಮುನ್ನ ನಿಮ್ಮ ಪಠ್ಯಪುಸ್ತಕದ ಪಾಠಕ್ಕೆ ಪದಪದ ಹೋಲಿಸಿಕೊಳ್ಳಿ. ಗೋಡೆಯಲ್ಲೊಂದು, ಪುಸ್ತಕದಲ್ಲೊಂದು ಇದ್ದರೆ ಮಕ್ಕಳು ಸಾಲಿನ ಮಧ್ಯದಲ್ಲಿ ತಡವರಿಸುತ್ತಾರೆ.

ಚಾರ್ಟಿನಲ್ಲಿ ಬಲಗೈ ಮುಂದಕ್ಕೆ ಚಾಚಿದ ಹುಡುಗನ ಚಿತ್ರವೂ ಇದೆ. ಚಿಕ್ಕ ಮಕ್ಕಳು ಎದುರಿಗಿದ್ದವರನ್ನು ಕನ್ನಡಿಯಂತೆ ಅನುಕರಿಸಿ ಎಡಗೈ ಎತ್ತುತ್ತಾರೆ. ಹೇಳಿಕೊಡುವವರು ಮೊದಲ ವಾರ ಮಕ್ಕಳಿಗೆ ಬೆನ್ನು ಹಾಕಿ ನಿಂತರೆ ಈ ಗೊಂದಲ ಉಳಿಯದು.

ಈಗ ಇತಿಹಾಸದ ಕಾರ್ಡುಗಳು. ಬೇಸರ ತರಿಸುವ ಭಾಗ ಇದೇ. ಒಂದು ಕಾರ್ಡು ಪ್ರತಿಜ್ಞೆ ಸಂವಿಧಾನದಲ್ಲಿದೆ ಎನ್ನುತ್ತದೆ. ಅದು ತಪ್ಪು. ಸಂವಿಧಾನದಲ್ಲಿ ಇರುವುದು 1949ರ ನವೆಂಬರ್ 26ರಂದು ಅಂಗೀಕಾರವಾದ ಪ್ರಸ್ತಾವನೆ. ಅದು ‘ನಾವು’ ಎಂದು ಮಾತಾಡುತ್ತದೆ, ಪ್ರತಿಜ್ಞೆ ‘ನಾನು’ ಎನ್ನುತ್ತದೆ. ಎರಡನ್ನೂ ಪಕ್ಕಪಕ್ಕ ಬರೆದು ಈ ಎರಡು ಪದಕ್ಕೆ ಸುತ್ತು ಹಾಕಿಸಿದರೆ ಐದನೇ ತರಗತಿಯವರಿಗೆ ಗೊಂದಲ ಮತ್ತೆ ಬಾರದು. ಇದಕ್ಕಿಂತ ದೊಡ್ಡ ತಪ್ಪೆಂದರೆ ಬರೆದವರ ಹೆಸರು ಆರೂ ಕಾರ್ಡಿನಲ್ಲಿ ಎಲ್ಲಿಯೂ ಇಲ್ಲ. ದಿನವೂ ಲಕ್ಷಾಂತರ ಮಕ್ಕಳು ಹೇಳುವ ಮಾತನ್ನು ಬರೆದವರು ಪೈಡಿಮರ್ರಿ ವೆಂಕಟಸುಬ್ಬರಾವ್. ಈಗಿನ ತೆಲಂಗಾಣದ ನಲ್ಲಗೊಂಡ ಜಿಲ್ಲೆಯವರು. 1962ರಲ್ಲಿ ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆ ಅಧಿಕಾರಿಯಾಗಿದ್ದಾಗ ತೆಲುಗಿನಲ್ಲಿ ಬರೆದರು. 1963ರಲ್ಲಿ ವಿಶಾಖಪಟ್ಟಣದ ಶಾಲೆಯೊಂದರಲ್ಲಿ ಅದನ್ನು ಓದಿಸಲಾಯಿತು. 1964ರ ಅಕ್ಟೋಬರಿನಲ್ಲಿ, ಆಗಿನ ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಸಭೆ ಸೇರಿ, ದೇಶದ ಶಾಲೆಗಳಲ್ಲಿ ಇದನ್ನು ಹೇಳಿಸಬೇಕೆಂದು ನಿರ್ಧರಿಸಿತು. ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ! ಕನ್ನಡದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕೊಂಡಿ ಬೇಕೇ? 1965ರ ಜನವರಿ 26ರಿಂದ ಅದು ಜಾರಿಗೆ ಬಂತು. ಸುಬ್ಬರಾವ್ ತೀರಿಕೊಂಡದ್ದು 1988ರಲ್ಲಿ.

ಕಾರ್ಡುಗಳನ್ನು ಸಮ ಅಂತರದಲ್ಲಿ ಜೋಡಿಸಿ ಎಂದು ಕೈಪಿಡಿ ಹೇಳುತ್ತದೆ. ಹಾಗೆ ಮಾಡಿದರೆ ಸ್ವಾತಂತ್ರ್ಯ ಬಂದ ಬೆನ್ನಿಗೇ ಪ್ರತಿಜ್ಞೆಯೂ ಬಂತು ಎಂದು ಮಕ್ಕಳು ತಿಳಿಯುತ್ತಾರೆ. ವರಾಂಡದಲ್ಲಿ ಹಗ್ಗ ಕಟ್ಟಿ, ಒಂದು ವರ್ಷಕ್ಕೆ ಒಂದು ಗೇಣಿನಂತೆ ಅಳೆದು ಬಟ್ಟೆಕ್ಲಿಪ್ಪಿನಲ್ಲಿ ಸಿಕ್ಕಿಸಿ. 1947ರಿಂದ 1965ಕ್ಕೆ 18 ಗೇಣು. ನಡುವೆ ಹದಿನೈದು ಗೇಣು ಖಾಲಿ ಹಗ್ಗ ದಾಟಿ 1962ಕ್ಕೆ ನಡೆದು ಹೋಗುವ ಮಗುವಿಗೆ ಕಾಲದ ಅಂತರ ಕಾಲಿಗೇ ತಿಳಿಯುತ್ತದೆ. ಅಳೆಯುವುದು ಒಬ್ಬರದೇ ಕೈಯಾಗಿರಲಿ, ಇಲ್ಲವಾದರೆ ಗೇಣು ಹೆಚ್ಚುಕಮ್ಮಿಯಾಗಿ ಲೆಕ್ಕ ತಪ್ಪುತ್ತದೆ.

ಕಿಟ್ಟಿನಲ್ಲಿ ಇಲ್ಲದ, ಇರಬೇಕಾಗಿದ್ದ ಒಂದು ವಸ್ತು ಪ್ರತಿಜ್ಞೆಯ ತೆಲುಗು ಮೂಲ. ಅದು ‘ಭಾರತದೇಶಂ ನಾ ಮಾತೃಭೂಮಿ, ಭಾರತೀಯುಲಂದರೂ ನಾ ಸಹೋದರುಲು’ ಎಂದು ಆರಂಭವಾಗುತ್ತದೆ. ಕನ್ನಡ ಲಿಪಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದರೆ ನಮ್ಮ ಮಕ್ಕಳು ಯಾರ ನೆರವಿಲ್ಲದೆ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿ ‘ಮಾತೃಭೂಮಿ’, ನಮ್ಮಲ್ಲಿ ‘ದೇಶ’. ಅಲ್ಲಿ ‘ಸಹೋದರುಲು’ ಒಂದೇ ಪದ, ನಮ್ಮಲ್ಲಿ ‘ಸಹೋದರ ಸಹೋದರಿಯರು’. ಈ ವ್ಯತ್ಯಾಸಗಳನ್ನು ಅವರೇ ಹುಡುಕಲಿ, ಹತ್ತು ನಿಮಿಷ ಸಾಕು.

ಚಿಕ್ಕ ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುವ ನಲಿಕಲಿ ತರಗತಿಯವರು ಇಡೀ ಕಿಟ್ಟಿಗೆ ದುಡ್ಡು ಹಾಕಬೇಕಿಲ್ಲ. ಒಂದು, ಎರಡು ಮತ್ತು ಆರನೆಯ ಸಾಲುಗಳನ್ನು ಕೈಯಲ್ಲೇ ಬರೆದು ಆರಂಭಿಸಿ, ನಿಷ್ಠೆಯ ಸಾಲನ್ನು ಮುಂದಿನ ವರ್ಷಕ್ಕೆ ಬಿಡಿ. 4–5ನೇ ತರಗತಿಗೆ ಒಂದು ಕಿಟ್ಟು ಶಾಲೆಗೆ ಸಾಕು. ಡಬ್ಬಿಯ ರಟ್ಟು ತೆಳುವಾಗಿದ್ದು ಮಳೆಗಾಲದಲ್ಲಿ ಪಟ್ಟಿಗಳು ಬಾಗುತ್ತವೆ, ನಿಲ್ಲಿಸಿ ಇಡದೆ ಅಡ್ಡಲಾಗಿ, ಮೇಲೊಂದು ಹಾಜರಿ ಪುಸ್ತಕದ ಭಾರವಿಟ್ಟು ಕಪಾಟಿನಲ್ಲಿಡಿ.