'ಸ್ಟೆಬಿಲೈಸ್ ಆಗಿದೆ' ಅನ್ನೋ ಮಾತು ನಂಬಿ ಮರದ ತುಂಡನ್ನು ಲೇತ್‌ಗೆ ಕಟ್ಟಬೇಡಿ

ಕಪ್ಪು ಗೆರೆ ಬಿದ್ದ ಮಾವಿನ ಮರದ ತುಂಡುಗಳನ್ನು ಆನ್‌ಲೈನ್‌ನಲ್ಲಿ ತರಿಸುವವರು ದಯವಿಟ್ಟು ಇದನ್ನು ಓದಿ. 'ಸ್ಪಾಲ್ಟೆಡ್ ಮಾವು, ಪೂರ್ತಿ ಸ್ಟೆಬಿಲೈಸ್ ಮಾಡಿದ್ದು' ಅಂತ ಬರೆದಿದ್ದ ತುಂಡೊಂದನ್ನು ಲೇತ್‌ನಲ್ಲಿ (ಮರ ತಿರುಗಿಸುತ್ತಾ ಉಳಿ ಕೊಟ್ಟು ಕಡೆಯುವ ಯಂತ್ರ) ಬಟ್ಟಲು ಕಡೆಯೋಣ ಅಂತ ತರಿಸಿದ್ದೆ. ಸ್ಪಾಲ್ಟೆಡ್ ಅಂದರೆ ಶಿಲೀಂಧ್ರ ಹಿಡಿದು ಗೆರೆ ಬಿದ್ದ ಮರ. ಸ್ಟೆಬಿಲೈಸ್ ಅಂದರೆ ಅಂಥ ಮೆತ್ತನೆ ಮರಕ್ಕೆ ರೆಸಿನ್ (ಕಾಯಿಸಿದರೆ ಗಟ್ಟಿಯಾಗುವ ದ್ರವ) ಕುಡಿಸಿ ಗಟ್ಟಿ ಮಾಡೋದು. ಮಾರುವವರಿಗೆ ಫೋನ್ ಮಾಡಿಯೂ ಕೇಳಿದ್ದೆ. "ಒಳಗಿನ ತನಕ ರೆಸಿನ್ ಕುಡಿಸಿದೀವಿ ಸರ್, ಧೈರ್ಯವಾಗಿ ಕಡೀರಿ" ಅಂದರು.

ಹೊರಗೆ ಗಟ್ಟಿಯಾಗೇ ಇತ್ತು. ಮೊದಲು ಉಳಿ ಕೊಟ್ಟಾಗ ಹೊಟ್ಟು ಸುರುಳಿ ಸುರುಳಿಯಾಗಿ ಚೆನ್ನಾಗಿ ಬಂತು. ಎರಡು ಮೂರು ಮಿಲಿಮೀಟರ್ ಒಳಗೆ ಹೋಗುತ್ತಿದ್ದ ಹಾಗೆ ಸುರುಳಿ ನಿಂತು ಬಿಳಿ ಪುಡಿ ಉದುರತೊಡಗಿತು. ಸ್ವಿಚ್‌ಗೆ ಕೈ ಹಾಕುವಷ್ಟರಲ್ಲಿ ಉಳಿ ಮೆತ್ತನೆ ಜಾಗದಲ್ಲಿ ಕಚ್ಚಿಕೊಂಡಿತು. ಅಂಚಿನ ಹೋಳೊಂದು ಕಿತ್ತು ಬಂದು ಮುಖದ ಶೀಲ್ಡ್‌ಗೆ ಬಡಿಯಿತು. ಶೀಲ್ಡ್ ಸೀಳಿತು. ಬರೀ ಕನ್ನಡಕ ಹಾಕಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಮುರಿದ ಹೋಳನ್ನು ಬೆಳಕಿಗೆ ಹಿಡಿದು ನೋಡಿದೆ. ಹೊರ ಅಂಚಿನಲ್ಲಿ ಸುತ್ತಲೂ ತೆಳ್ಳಗೆ ಹೊಳೆಯುವ ಪದರ. ರೆಸಿನ್ ಅಷ್ಟೇ. ಒಳಗೆಲ್ಲ ಒಣ ಬೆಂಡು. ಉಗುರಿನಲ್ಲಿ ಕೆರೆದರೆ ನಾರು ಎದ್ದು ಬಂತು.

ಈ ಮರ ಚೆಂದ ಕಾಣೋದೇ ಕೊಳೆಯೋಕೆ ಶುರುವಾದದ್ದರಿಂದ. ಆ ಕಪ್ಪು ಗೆರೆಗಳು ಬೇರೆ ಬೇರೆ ಶಿಲೀಂಧ್ರಗಳು ತಮ್ಮ ಜಾಗಕ್ಕೆ ಹಾಕಿಕೊಂಡ ಬೇಲಿಗಳು. ಬೇಲಿಯ ಒಂದು ಕಡೆ ಮರ ಗಟ್ಟಿ ಇರಬಹುದು, ಇನ್ನೊಂದು ಕಡೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್, ಸೆಲ್ಯುಲೋಸ್ ಎಲ್ಲವನ್ನೂ ಶಿಲೀಂಧ್ರ ತಿಂದು ಬೆಂಡಾಗಿರಬಹುದು. ಉಳಿ ಗಟ್ಟಿಯಿಂದ ಮೆತ್ತಗೆ, ಮತ್ತೆ ಗಟ್ಟಿಗೆ ಹಾರುವುದರಿಂದಲೇ ಅಪಾಯ ಜಾಸ್ತಿ.

ರೆಸಿನ್ ನಿಜವಾಗಿ ಒಳಗೆ ಹೋಗಬೇಕಾದರೆ ಕೆಲಸ ಬಹಳ ಇದೆ. ಮೊದಲು ತುಂಡನ್ನು ಓವನ್‌ನಲ್ಲಿ ಸುಮಾರು 105 ಡಿಗ್ರಿಯಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಬೇಕು. ನೀರು ಕೂತ ಜಾಗಕ್ಕೆ ರೆಸಿನ್ ಹೋಗಲ್ಲ. ತಣಿದ ಮೇಲೆ ರೆಸಿನ್‌ನಲ್ಲಿ ಮುಳುಗಿಸಿ, ಗುಳ್ಳೆ ಬರೋದು ನಿಲ್ಲುವ ತನಕ ವ್ಯಾಕ್ಯೂಮ್ ಪಂಪ್ ಓಡಿಸಬೇಕು. ದಪ್ಪ ತುಂಡಿಗೆ ಇದು ಗಂಟೆಗಟ್ಟಲೆ ಹಿಡಿಯುತ್ತದೆ. ಪಂಪ್ ನಿಲ್ಲಿಸಿ ಗಾಳಿ ಬಿಟ್ಟ ಮೇಲೇ ರೆಸಿನ್ ಒಳಗೆ ನುಗ್ಗೋದು, ಹಾಗಾಗಿ ಆಮೇಲೂ ಮುಳುಗಿಸಿಯೇ ಇಡಬೇಕು. ಕೊನೆಗೆ 90 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ ಗಟ್ಟಿ ಮಾಡಬೇಕು. ಬ್ರಷ್‌ನಲ್ಲಿ ಬಳಿದು ಸ್ಟೆಬಿಲೈಸ್ ಅಂತ ಮಾರುವುದು ಶುದ್ಧ ಮೋಸ.

ದೂರು ಕೊಟ್ಟಾಗ ಮಾರಿದವರು ಹೇಳಿದ ಪರಿಹಾರ ಇನ್ನೂ ಕೆಟ್ಟದ್ದು. ಬೆಂಡಿನ ಮೇಲೆ ಸೂಪರ್ ಗ್ಲೂ ಸುರಿದು ಹತ್ತಿ ಬಟ್ಟೆಯಲ್ಲಿ ಒರೆಸಿ ಅಂದರು. ಹಾಗೆ ಮಾಡಲೇಬೇಡಿ. ಸೂಪರ್ ಗ್ಲೂ ಹತ್ತಿಗೆ ತಾಗಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರಬಹುದು. ಬೆರಳಗಲದ ಮೆತ್ತನೆ ಜಾಗಕ್ಕೆ ತೆಳು ಸೂಪರ್ ಗ್ಲೂ ಒಳ್ಳೆಯದೇ. ಆದರೆ ಹನಿ ಹನಿಯಾಗಿ, ಕಿಟಕಿ ತೆರೆದು, ಪ್ರತಿ ಸಲ ಪೂರ್ತಿ ಒಣಗಲು ಬಿಟ್ಟು ಹಾಕಬೇಕು. ಇಡೀ ತುಂಡೇ ಬೆಂಡಾಗಿದ್ದರೆ ಅದು ಸಾಕಾಗಲ್ಲ.

ಕೊಳ್ಳುವ ಮುಂಚೆ, ರೆಸಿನ್ ಹಾಕುವ ಮೊದಲು ಮತ್ತು ನಂತರ ತುಂಡಿನ ತೂಕ ಎಷ್ಟಿತ್ತು ಅಂತ ಕೇಳಿ. ನಿಜವಾಗಿ ಮಾಡಿದವರು ಬರೆದಿಟ್ಟುಕೊಂಡಿರುತ್ತಾರೆ. ಮನೆಗೆ ಬಂದ ತಕ್ಷಣ ಒಂದು ತುದಿಯಿಂದ ಬೆರಳು ದಪ್ಪದಷ್ಟು ಕೊಯ್ದು, ಕೊಯ್ದ ಮುಖದ ನಡುವೆ ಮೊಳೆಯ ತುದಿ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಫೋಟೋ ತೆಗೆದು ಅವತ್ತೇ ವಾಪಸ್ ಕಳಿಸಿ. ಲೇತ್‌ಗೆ ಕಟ್ಟಿದ ಮೇಲೆ ದೂರು ಹೇಳಿದರೆ "ಕಡೆದ ಮಾಲು ವಾಪಸ್ ತಗೊಳಲ್ಲ ಸರ್" ಅನ್ನುತ್ತಾರೆ. ನನಗೆ ಅದನ್ನೇ ಹೇಳಿದರು, ದುಡ್ಡು ಈವರೆಗೂ ಬಂದಿಲ್ಲ.