ಬ್ಯಾಡಗಿ ಡಬ್ಬಿ ಮೆಣಸಿನಕಾಯಿ: ಟೆಕ್ಸಾಸ್ ಚಿಲಿಗೆ ಎಷ್ಟು ಒಗ್ಗುತ್ತದೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಮತ್ತು ಗಂಜ್ ಪ್ರದೇಶದ ಕಿರಾಣಿ ಅಂಗಡಿಗಳಲ್ಲಿ ಬಿಡಿಯಾಗಿ ತೂಗಿ ಕೊಡುವ ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯನ್ನು ಬೇಸಿಗೆಯಲ್ಲಿ ಮಸಾಲೆ ಖಾರ ಕುಟ್ಟಿಸುವಾಗ ಬಣ್ಣಕ್ಕೆಂದು ಗುಂಟೂರು ಕಾಯಿಯೊಂದಿಗೆ ಬೆರೆಸುವುದು ನಮ್ಮ ಮನೆಗಳ ರೂಢಿ. ಅದೇ ಕಾಯಿಯನ್ನು ಮುಖ್ಯ ಪದಾರ್ಥವಾಗಿಟ್ಟುಕೊಂಡು ಅಮೆರಿಕದ ಟೆಕ್ಸಾಸ್ ಶೈಲಿಯ ಚಿಲಿಯನ್ನು, ಅಂದರೆ ಒಣಮೆಣಸಿನಕಾಯಿಯ ಮಂದ ರಸದಲ್ಲಿ ಬೇಯಿಸಿದ ಮಾಂಸದ ಅಡುಗೆಯನ್ನು, ಮಾಡಿದರೆ ಹೇಗಿರುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬಣ್ಣದಲ್ಲಿಯೂ ರಸದ ಮಂದತೆಯಲ್ಲಿಯೂ ಕಾಯಿ ಗೆದ್ದಿದೆ, ಸಿಹಿಯಲ್ಲಿ ತುಸು ಹಿಂದುಳಿದಿದೆ, ಬೆಲೆ ಮಾತ್ರ ಯೋಚಿಸುವಂತೆ ಮಾಡುತ್ತದೆ.

ಕಾಯಿಯ ಗುಣವನ್ನು ಅಳೆಯಬೇಕಾದರೆ ಈ ಅಡುಗೆ ಏನನ್ನು ಬೇಡುತ್ತದೆ ಎಂಬುದು ಮೊದಲು ತಿಳಿದಿರಬೇಕು. 19ನೆಯ ಶತಮಾನದಲ್ಲಿ ಸ್ಯಾನ್ ಆಂಟೋನಿಯೊ ನಗರದ ಚೌಕಗಳಲ್ಲಿ ಹೆಂಗಸರು ಬೀದಿಯಲ್ಲೇ ಒಲೆ ಹೂಡಿ ಮಾರುತ್ತಿದ್ದ ಈ ಪದಾರ್ಥವನ್ನು ಟೆಕ್ಸಾಸ್ ಶಾಸನಸಭೆ 1977ರಲ್ಲಿ ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಮಾಂಸ, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ ಇವಿಷ್ಟೇ ಇದರ ಬುನಾದಿ. 1967ರಿಂದ ಚಿಲಿ ಸ್ಪರ್ಧೆಗಳಿಗೆ ಹೆಸರಾಗಿರುವ ಟೆಕ್ಸಾಸಿನ ಟರ್ಲಿಂಗ್ವಾ ಊರಿನಲ್ಲಿ ಕಾಳು ಹಾಕಿದ ಪಾತ್ರೆಗೆ ಪ್ರವೇಶವೇ ಇಲ್ಲ. ನಮ್ಮಲ್ಲಿಯೂ ಯಾರಾದರೂ ತೊಗರಿಬೇಳೆ ಹಾಕೋಣವೆಂದರೆ ನನ್ನ ಉತ್ತರ ಒಂದೇ: 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ತೊಗರಿಯ ಮೇಲೆ ನನಗೂ ಅಭಿಮಾನವಿದೆ, ಆದರೆ ಮಟನ್ನಿಗೆ ಬೇಳೆ ಬೆರೆತರೆ ಅದು ದಾಲ್ಚಾ ಆಗುತ್ತದೆ, ಚಿಲಿಯಾಗುವುದಿಲ್ಲ.

ಈ ಅಡುಗೆಯಲ್ಲಿ ಮೆಣಸಿನಕಾಯಿ ಒಗ್ಗರಣೆಯ ಖಾರವಾಗಿ ಬರುವುದಿಲ್ಲ, ರಸದ ತಿರುಳೇ ಅದು. ಆದ್ದರಿಂದಲೇ ಒಂದು ಕಿಲೋ ಮಾಂಸಕ್ಕೆ 50-60 ಗ್ರಾಂನಷ್ಟು ಒಣಕಾಯಿ ಬೇಕಾಗುತ್ತದೆ. ಅಲ್ಲಿ ಬಳಸುವ ಆಂಚೊ, ಅಂದರೆ ಹಣ್ಣಾದ ಪೊಬ್ಲಾನೊ ಕಾಯಿಯನ್ನು ಒಣಗಿಸಿದ್ದು, ಖಾರವನ್ನು ಅಳೆಯುವ ಸ್ಕೋವಿಲ್ ಅಳತೆಯಲ್ಲಿ 1,000ದಿಂದ 2,000ದಷ್ಟೇ ಖಾರವಿರುತ್ತದೆ. ಗುಂಟೂರು ಸನ್ನಂ ಅದೇ ಅಳತೆಯಲ್ಲಿ ಸುಮಾರು 35,000ದಿಂದ 40,000 ಇರುವುದರಿಂದ, ತೂಕಕ್ಕೆ ತೂಕ ಅದನ್ನೇ ಹಾಕಿದರೆ ಖಾರ ತಿಂದು ಬೆಳೆದ ಕಲಬುರಗಿಯವರೂ ಎರಡನೆಯ ತುತ್ತು ಎತ್ತಲಾರರು. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಕಾರಣಕ್ಕೇ ಹೆಸರಾದ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಹಾವೇರಿ ಜಿಲ್ಲೆಯ ಬ್ಯಾಡಗಿ ಕಾಯಿ ಇಲ್ಲಿ ಸಹಜವಾದ ಆಯ್ಕೆ.

ಬ್ಯಾಡಗಿಯಲ್ಲಿ ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಗಳಿವೆ. ಕಡ್ಡಿ ಉದ್ದವಾಗಿ ತೆಳುವಾಗಿರುತ್ತದೆ. ಡಬ್ಬಿ ಗಿಡ್ಡವಾಗಿ, ಉಬ್ಬಿಕೊಂಡು, ಮೈತುಂಬ ಸುಕ್ಕುಗಟ್ಟಿರುತ್ತದೆ. ನೆನೆಸಿ ರುಬ್ಬಿದಾಗ ಕಡ್ಡಿಯ ರಸ ಕೆಂಪಾಗಿದ್ದರೂ ತೆಳ್ಳಗಾಯಿತು, ಡಬ್ಬಿಯದು ಚಮಚಕ್ಕೆ ಅಂಟಿಕೊಳ್ಳುವಷ್ಟು ಮಂದವಾಯಿತು. ತೊಟ್ಟು ಮತ್ತು ಬೀಜ ತೆಗೆದು, ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಪರಿಮಳ ಏಳುವವರೆಗೆ ಮಾತ್ರ ಬೆಚ್ಚಗೆ ಮಾಡಿ, ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ರುಬ್ಬಿ ಸೋಸಿಕೊಳ್ಳಬೇಕು. ಸೋಸುವುದನ್ನು ಬಿಟ್ಟರೆ ಸಿಪ್ಪೆಯ ಚೂರುಗಳು ಹಲ್ಲಿಗೆ ಸಿಗುತ್ತವೆ. ಕಾಯಿ ಕಪ್ಪಗಾಗುವಷ್ಟು ಹುರಿದರಂತೂ ಮುಂದೆ ಏನು ಹಾಕಿದರೂ ಆ ಕಹಿ ಹೋಗುವುದಿಲ್ಲ.

ಡಬ್ಬಿಯ ನಿಜವಾದ ಬಲ ಕಾಣುವುದು ರುಬ್ಬಿದ್ದು ಕೊಬ್ಬಿಗೆ ಬಿದ್ದಾಗ. ಮೆಣಸಿನಕಾಯಿಯ ಕೆಂಪು ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಕರಗುವಂಥದ್ದು. ಆದ್ದರಿಂದ ಮಾಂಸ ಹುರಿದ ಎಣ್ಣೆಯಲ್ಲಿಯೇ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಹುರಿದು ಕುಟ್ಟಿದ ಜೀರಿಗೆ ಎರಡು ಚಮಚ ಹಾಕಿ, ಮೆಣಸಿನಕಾಯಿಯ ರುಬ್ಬನ್ನು ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಿದರೆ ಕೃತಕ ಬಣ್ಣದ ಗೊಡವೆಯೇ ಇಲ್ಲದೆ ಕಡುಗೆಂಪು ಬರುತ್ತದೆ. ಖಾರ ಬೇಕೆನ್ನುವವರಿಗೆ ಮೂರು ಅಥವಾ ನಾಲ್ಕು ಗುಂಟೂರು ಕಾಯಿ ಸೇರಿಸಿದರೆ ಸಾಕು. ಆಂಚೊದಲ್ಲಿರುವ ಒಣದ್ರಾಕ್ಷಿಯಂಥ ಸಿಹಿ ಡಬ್ಬಿಯಲ್ಲಿ ಇಲ್ಲ. ಸುಪಾರಿ ಗಾತ್ರದ ಬೆಲ್ಲ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ, ಪೂರ್ತಿ ಅಲ್ಲ.

ಮೂಲದಲ್ಲಿ ದನದ ಮಾಂಸ ಬಳಸುತ್ತಾರೆ. ನಾನು ಬಳಸಿದ್ದು ಕುರಿಯದು. ಖೈಮಾ ಬೇಡ. ಮುಂಗಾಲಿನ ಭಾಗ ಮತ್ತು ನಳ್ಳಿಯ ಸುತ್ತಲಿನ ಮಾಂಸವನ್ನು ದೊಡ್ಡ ತುಂಡುಗಳಾಗಿ ಕತ್ತರಿಸಿಕೊಡಲು ಹೇಳಬೇಕು, ಏಕೆಂದರೆ ಅಲ್ಲಿನ ನಾರು ನಿಧಾನವಾಗಿ ಕರಗಿ ರಸಕ್ಕೆ ಜಿಗುಟು ಕೊಡುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿಟ್ಟು ಎರಡು ಗಂಟೆ ಬೇಯಿಸುವುದು ಉತ್ತಮ. ಕುಕ್ಕರ್ ಬಳಸಿದರೆ ಮಾಂಸ ಬೇಗ ಮೆತ್ತಗಾಗುತ್ತದೆ, ಆದರೆ ಮುಚ್ಚಳ ತೆಗೆದು ಇನ್ನೂ ಅರ್ಧ ಗಂಟೆ ಕುದಿಸದೆ ರುಚಿ ಕೂಡುವುದಿಲ್ಲ. ಕುರಿಯ ಕೊಬ್ಬು ಆರಿದೊಡನೆ ಗಟ್ಟಿಯಾಗಿ ತುಟಿಗೆ ಅಂಟುವುದರಿಂದ ಮೇಲೆ ತೇಲಿದ್ದನ್ನು ಅರ್ಧದಷ್ಟಾದರೂ ತೆಗೆಯಬೇಕು.

ಟೆಕ್ಸಾಸಿನಲ್ಲಿ ರಸ ಮಂದವಾಗಲು ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟನ್ನು ಕೆಲವರು ಸೇರಿಸುತ್ತಾರೆ. ಡಬ್ಬಿಯ ರಸಕ್ಕೆ ಅದರ ಅಗತ್ಯ ಕಡಿಮೆ. ಬೇಕೆನಿಸಿದರೆ ಒಂದು ಚಮಚ ಬಿಳಿಜೋಳದ ಹಿಟ್ಟನ್ನು ಹುರಿದು ನೀರಿನಲ್ಲಿ ಕಲಸಿ ಹಾಕಬಹುದು. ಅಲ್ಲಿ ಹಾಕುವ ಓರೆಗಾನೊ ಎಂಬ ಪರಿಮಳದ ಒಣ ಸೊಪ್ಪಿನ ಬದಲಿಗೆ ಒಣಗಿಸಿದ ದೊಡ್ಡಪತ್ರೆ ಚಿಟಿಕೆಯಷ್ಟು ಒಪ್ಪಿತು. ಓಂಕಾಳು ಒಪ್ಪಲಿಲ್ಲ.

ಹೋಲಿಕೆಗೆಂದು ತಂದ ‘ಚಿಲಿ ಮಸಾಲೆ’ಯ ಒಂದು ಪೊಟ್ಟಣದ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಅದರ ಪದಾರ್ಥಗಳ ಪಟ್ಟಿಯಲ್ಲಿ ಉಪ್ಪು ಮತ್ತು ಪಿಷ್ಟ ಮುಂದಿದ್ದವು, ಮೆಣಸಿನಕಾಯಿ ಅವುಗಳ ಹಿಂದಿತ್ತು. ರುಚಿಯೂ ಅದೇ ಕ್ರಮದಲ್ಲಿತ್ತು. ಹತ್ತು ನಿಮಿಷ ಉಳಿಸುವುದಷ್ಟೇ ಅದರ ಲಾಭ.

ಇನ್ನು ಡಬ್ಬಿಯ ದೋಷಗಳು. ಬೀಜ ಹೆಚ್ಚಿರುವುದರಿಂದ ಸ್ವಚ್ಛಗೊಳಿಸಿದ ಮೇಲೆ ಕೊಂಡ ತೂಕದಲ್ಲಿ ಬಹಳಷ್ಟು ಕಡಿಮೆಯಾಗುತ್ತದೆ, ಗುಂಟೂರಿಗಿಂತ ದುಬಾರಿಯಾದ ಕಾಯಿಯಲ್ಲಿ ಇದು ಸಣ್ಣ ನಷ್ಟವಲ್ಲ. ಡಬ್ಬಿಯ ಹೆಸರಿನಲ್ಲಿ ಕಡ್ಡಿಯನ್ನೂ ಬೇರೆ ತಳಿಯ ಸುಕ್ಕುಗಾಯಿಯನ್ನೂ ಬೆರೆಸಿ ಕೊಡುವವರಿದ್ದಾರೆ. ಚೀಲದ ಮೇಲ್ಭಾಗವನ್ನು ಮಾತ್ರ ನೋಡದೆ ಕೈ ಹಾಕಿ ಕೆಳಗಿನ ಕಾಯಿಯನ್ನೂ ತೆಗೆಸಬೇಕು. ಒಂದೆರಡನ್ನು ಮುರಿದು ಒಳಗೆ ಬೂಷ್ಟು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎಣ್ಣೆ ಸವರಿದಂತೆ ಹೊಳೆಯುವ ಕಾಯಿಯನ್ನು ನಾನು ಕೊಳ್ಳುವುದಿಲ್ಲ.

ಹೊಸ ಬೆಳೆ ಜನವರಿಯಿಂದ ಮಾರ್ಚ್‌ವರೆಗೆ ಹೇರಳವಾಗಿ ಬರುತ್ತದೆ, ಬಣ್ಣ ಮತ್ತು ಪರಿಮಳ ಎರಡೂ ಆಗ ಚೆನ್ನಾಗಿರುತ್ತವೆ. ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬೆಳಕು ಬೀಳುವ ಕಪಾಟಿನಲ್ಲಿಟ್ಟರೆ ಬಣ್ಣ ಬೇಗನೆ ಮಾಸುವುದರಿಂದ, ಚಿಲಿಗಾಗಿಯೇ ಕೊಳ್ಳುವವರು ಕಾಲು ಕಿಲೋ ಮೀರದಂತೆ ತಂದು, ಒಂದು ಬಿಸಿಲು ಕಾಣಿಸಿ, ಬಿಗಿಯಾದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು.